ಮಾವನಿಗೆ ತಪ್ಪಿಸಿದ ಊರು

ಮಾವ, ಇಂಗ್ಲೆಂಡಿನವರು ನಿಮಗೆ ವೀಸಾ ನಿರಾಕರಿಸಲಿಲ್ಲ. ನಿಮ್ಮ ಅರ್ಜಿಯನ್ನು ನಾನು ಹಾಕಿಯೇ ಇರಲಿಲ್ಲ.

ಬರೆದುಬಿಟ್ಟೆ. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು, ಹಾಳೆಯ ಮೇಲೆ ಎರಡು ಸಾಲೂ ತುಂಬಲಿಲ್ಲ. ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಸುಸ್ತು ಮಾತ್ರ ಹಾಗೇ ಇದೆ.

ಗದಗಿನ ನಿಮ್ಮ ಫೋಟೋ ಸ್ಟುಡಿಯೋದ ಪರದೆಯನ್ನು ನಾನು ಮೊದಲು ನೋಡಿದ್ದು ಮದುವೆಯಾದ ಹೊಸತರಲ್ಲಿ. ಎಡಕ್ಕೆ ಗುಡ್ಡದ ಮೇಲೊಂದು ಮುರಿದ ಕೋಟೆ, ಬಲಕ್ಕೆ ಸಮುದ್ರ, ನಡುವೆ ಕಲ್ಲಿನ ಮನೆಗಳ ಪುಟ್ಟ ಇಂಗ್ಲಿಷ್ ಹಳ್ಳಿ. ಯಾವುದೋ ಹಳೇ ಕ್ಯಾಲೆಂಡರ್ ನೋಡಿ ನಿಮ್ಮ ತಂದೆ ಬರೆದದ್ದು. ಗದಗಿನ ಅರ್ಧ ಊರು ಆ ಹಳ್ಳಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದೆ. ಮಹೇಶನನ್ನೂ ನನ್ನನ್ನೂ ಅಲ್ಲೇ ನಿಲ್ಲಿಸಿ, "ಮೈಸೂರಾಕಿ, ಗದ್ದ ಸ್ವಲ್ಪ ಮ್ಯಾಲೆತ್ತು. ಗಂಡನ್ನ ಹೆದರಸಾಕ ಇನ್ನೂ ಬಾಳ ಟೈಮ್ ಐತಿ" ಅಂದಿರಿ. ಕ್ಯಾಲೆಂಡರಿನಲ್ಲಿದ್ದ ಊರಿನ ಹೆಸರನ್ನು ನಿಮ್ಮ ತಂದೆ ಪರದೆಯ ಮೂಲೆಯಲ್ಲಿ ಕನ್ನಡದಲ್ಲಿ ಬರೆದಿದ್ದರು. ಅದನ್ನು ಇಲ್ಲಿ ಬರೆಯಲು ನನಗೆ ಧೈರ್ಯವಿಲ್ಲ. ಒಂದು ಸಲ ಆ ಊರನ್ನು ಕಣ್ಣಾರೆ ನೋಡಬೇಕು — ನೀವು ಬಾಯಿಬಿಟ್ಟು ಆಸೆಪಟ್ಟದ್ದು ಅದೊಂದನ್ನೇ.

ಅತ್ತೆ ಕೋವಿಡ್‌ನಲ್ಲಿ ಹೋದರು. ಮರುವರ್ಷ ನೀವು ಅಮೆರಿಕಕ್ಕೆ, ಕ್ಯಾರಿಯ ನಮ್ಮ ಮನೆಗೆ ಬಂದಿರಿ. ವಾಪಸು ಹೋಗುವಾಗ ಎಲ್ಲರೂ ಒಟ್ಟಿಗೆ ಹೊರಟು, ದಾರಿಯಲ್ಲಿ ಒಂದು ವಾರ ಇಂಗ್ಲೆಂಡಿನಲ್ಲಿಳಿದು ಆ ಹಳ್ಳಿ ನೋಡಿ, ಬೆಂಗಳೂರಿಗೆ ಹೋಗುವುದೆಂದು ಮಹೇಶ ನಿಶ್ಚಯಿಸಿದ. ಆಸ್ಪತ್ರೆಯ ಡ್ಯೂಟಿಯಲ್ಲಿ ಅವನಿಗೆ ಉಸಿರಾಡಲೂ ಬಿಡುವಿರಲಿಲ್ಲ. ಮನೆಯ ವೀಸಾ ಖಾತೆ ಮೊದಲಿನಿಂದಲೂ ನನ್ನದೇ.

ಮಹೇಶ, ನಾನು, ಮಗಳು ಅನಘಾ, ನಮ್ಮ ಮೂವರ ಅರ್ಜಿ ಹಾಕಿದೆ. ನಿಮ್ಮದಕ್ಕೆ ಸ್ಟುಡಿಯೋ ಕಾಗದ, ಮನೆ ಪತ್ರ, ಎಲ್ಲ ಕನ್ನಡದಲ್ಲಿದ್ದವು, ಅನುವಾದ ಮಾಡಿಸಬೇಕಿತ್ತು. ನಾಳೆ ಮಾಡಿಸೋಣ ಅಂದೆ. ಆಫೀಸಿನಲ್ಲಿ ನಮ್ಮ ಟೀಮಿನ ಅರ್ಧ ಜನರನ್ನು ತೆಗೆದಿದ್ದರು, ಅವರ ಕೆಲಸವೂ ನನ್ನ ತಲೆಗೇ ಬಂದಿತ್ತು — ಇರಲಿ, ಇದು ನೆಪವಾಗುತ್ತಿದೆ. ನಿಜ ಬೇರೆಯೇ ಇದೆ. ನೀವಿಲ್ಲದ ಒಂದು ವಾರ ನನಗೆ ಬೇಕಿತ್ತು. ನೀವು ಒಂದು ದಿನವೂ ತೊಂದರೆ ಕೊಟ್ಟವರಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತು, "ಇವತ್ತೇನು ಪ್ರೋಗ್ರಾಮವ್ವಾ?" ಅನ್ನುತ್ತಿದ್ದಿರಿ. ಕಾರಿಲ್ಲದೆ ಹಾಲು ತರಲೂ ಹೋಗಲಾಗದ ಈ ಊರಿನಲ್ಲಿ ನಿಮಗೆ ನಾನಲ್ಲದೆ ಬೇರೆ ಪ್ರೋಗ್ರಾಂ ಇರಲಿಲ್ಲ. ಆ ಪ್ರಶ್ನೆ ಕೇಳಿಸದ ಒಂದು ಬೆಳಗಿಗಾಗಿ ಜೀವ ಹಾತೊರೆಯುತ್ತಿತ್ತು.

ನಾಳೆ ನಾಳೆ ಎನ್ನುತ್ತಲೇ ಗಡುವು ಮುಗಿಯಿತು. "ಅಪ್ಪನ ಬೆರಳಚ್ಚು ಯಾವಾಗ?" ಎಂದು ಮಹೇಶ ಕೇಳಿದ. ವಯಸ್ಸಾದವರಿಗೆ ಬೇಡವಂತೆ ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಮತ್ತೊಂದು ಸಂಜೆ ನೀವು ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದಾಗ ಹೇಳಿದೆ —

"ಮಾವ, ನಿಮ್ಮದು ರಿಜೆಕ್ಟ್ ಆಯ್ತು."

ತಡವಾಯಿತು ಎನ್ನಬಹುದಿತ್ತು. ಆಗ ತಪ್ಪು ನನ್ನದಾಗುತ್ತಿತ್ತು. ರಿಜೆಕ್ಟ್ ಎಂದರೆ ತಪ್ಪು ಇಂಗ್ಲೆಂಡಿನದು. ಆ ಕ್ಷಣದಲ್ಲಿ ನಾನು ಮಾಡಿದ ಯೋಚನೆ ಇಷ್ಟೇ.

ನೀವು ನಕ್ಕುಬಿಟ್ಟಿರಿ. "ನಾವು ಅವರ್ನ ಓಡಿಸಿದ್ವಿ, ಈಗ ಅವ್ರು ನಮ್ಮನ್ನ ಓಡಸ್ಯಾರ. ಬರೋಬ್ಬರಿ ಆತು ಬಿಡು." ಸೊಪ್ಪನ್ನು ಪೂರ್ತಿ ಸೋಸಿ ಮುಗಿಸಿಯೇ ಎದ್ದಿರಿ. ಮರುದಿನ, ಆ ಪ್ರವಾಸಕ್ಕೆಂದೇ ಕೊಂಡಿದ್ದ ಉಣ್ಣೆಯ ಸ್ವೆಟರನ್ನು ಮಡಿಚಿ ಮಹೇಶನ ಮಂಚದ ಮೇಲೆ ಇಟ್ಟಿದ್ದಿರಿ. ನಾನದನ್ನು ನೋಡಿದೆ.

ಆ ಭಾನುವಾರ ದೇವಸ್ಥಾನದಲ್ಲಿ ನೀವೇ ಎಲ್ಲರಿಗೂ ಹೇಳಿದಿರಿ. ಮುಚ್ಚಿಡುವುದು ನಿಮಗೆ ಗೊತ್ತಿರಲಿಲ್ಲ. ಊಟದ ಹಾಲ್‌ನಲ್ಲಿ ಅಂಕಲ್‌ಗಳೆಲ್ಲ ಸೇರಿ ಕಾರಣ ಹುಡುಕಿದರು — ಹೆಂಡತಿ ಇಲ್ಲ, ವಾಪಸು ಹೋಗುತ್ತಾರೆಂಬ ನಂಬಿಕೆ ಇರುವುದಿಲ್ಲ, ಸ್ಟುಡಿಯೋ ಮುಚ್ಚಿದೆ, ಆದಾಯ ಇಲ್ಲ, ವಯಸ್ಸಾಯಿತು. ಪಾಪ, ಸಮಾಧಾನಕ್ಕೇ ಹೇಳಿದ್ದು. ಪ್ರತಿಯೊಂದಕ್ಕೂ ನೀವು "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸಿದಿರಿ. ನಾನು ಪಕ್ಕದ ಮೇಜಿನಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿದ್ದೆ.

ಅಪ್ಪ ಅಮ್ಮಂದಿರಿಗೆ ವಿಮಾನದಲ್ಲಿ ಜೊತೆ ಹುಡುಕಲು ನಮ್ಮಲ್ಲೊಂದು ವಾಟ್ಸಾಪ್ ಗುಂಪಿದೆಯಲ್ಲ, ಅದರಲ್ಲಿ ದಾವಣಗೆರೆಯ ದಂಪತಿ ಸಿಕ್ಕರು. ನೀವು ಅವರೊಂದಿಗೆ ನೇರ ಬೆಂಗಳೂರಿಗೆ ಹೊರಟಿರಿ. ಪ್ರವಾಸವನ್ನೇ ಬಿಡೋಣ ಎಂದು ಮಹೇಶ ಹೇಳಿದಾಗ ಒಪ್ಪದವರೂ ನೀವೇ. "ನೀವು ನೋಡಿದ್ರ ನಾ ನೋಡ್ದಂಗ" ಅಂದಿರಿ.

ನಾವು ನೋಡಿದೆವು, ಮಾವ.

ಇಕ್ಕಟ್ಟು ರಸ್ತೆಗಳು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಲೇಬೇಕು. ಮಹೇಶನ ಅಂಗಿಯೆಲ್ಲ ಬೆವರು. ಹಳ್ಳಿಯ ಚರ್ಚಿನ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಒದ್ದೆ ಕಲ್ಲಿನ ವಾಸನೆ. ಅಂಗಳದಲ್ಲಿ ಗೋರಿಕಲ್ಲುಗಳು ಒಂದೊಂದು ಕಡೆಗೆ ವಾಲಿದ್ದವು. ಸಮುದ್ರಕ್ಕೆ ಹೋಗಿ ಮರಳದವರ ಹೆಸರುಗಳು ಅರ್ಧ ಅಳಿಸಿಹೋಗಿದ್ದವು, ಅನಘಾ ಬೆರಳಾಡಿಸುತ್ತಾ ಒಂದೊಂದನ್ನೇ ಓದಿದಳು. ಕೋಟೆಯಲ್ಲಿ ಗೋಡೆಗಿಂತ ಕಾಗೆಗಳೇ ಹೆಚ್ಚು. ರಾಜರು ಓಡಾಡಿದ ಜಾಗದಲ್ಲಿ ಕುರಿಗಳು ಮೇಯುತ್ತಿದ್ದವು. ಕಡಲ ತೀರದಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಅಲೆ ಹಿಂದೆ ಸರಿದಾಗಲೆಲ್ಲ ಅವು ಗಲಗಲ ಉರುಳುತ್ತಿದ್ದವು. ಬಿಳಿ ಸುಣ್ಣದ ಬಂಡೆಗಳು ನೀರಿನವರೆಗೂ ಕಡಿದಾಗಿ ಇಳಿದಿದ್ದವು. ನೀರು ಇಳಿದಿದ್ದ ಹೊತ್ತಿನಲ್ಲಿ ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಮಲಗಿದ್ದವು.

ಚೆಂದವಿತ್ತು. ಚೆಂದವಿರಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ನಾನು ಬಯಸಿದ್ದ ಬೆಳಗುಗಳೂ ಸಿಕ್ಕವು — ಯಾರೂ ಏನೂ ಕೇಳದ ಬೆಳಗುಗಳು. ಕಿಟಕಿಯ ಬಳಿ ಚಹಾ ಹಿಡಿದು ಕೂರುತ್ತಿದ್ದೆ, ಚಹಾ ಆರುತ್ತಿತ್ತು. ಮಹೇಶ ಎಲ್ಲಿ ನಿಂತರೂ "ಅಪ್ಪ ಇರಬೇಕಿತ್ತು" ಅನ್ನುತ್ತಿದ್ದ. ಅನಘಾ, "ಅಮ್ಮಾ, ಅಜ್ಜನ್ಗೆ ಯಾಕೆ ನೋ ಅಂದ್ರು? ಹೀ ಈಸ್ ಸೋ ನೈಸ್" ಎಂದಳು. ನಾನು ಅವಳ ಟೋಪಿ ಸರಿಮಾಡಿದೆ.

ಇನ್ನೊಂದು ವಿಷಯ. ಪರದೆಯಲ್ಲಿದ್ದ ನೋಟಕ್ಕಾಗಿ ಇಡೀ ದಿನ ಸುತ್ತಿದೆವು, ಸಿಗಲಿಲ್ಲ. ಕೋಟೆಯ ಹತ್ತಿರ ನಿಂತರೆ ಸಮುದ್ರ ಕಾಣುವುದಿಲ್ಲ. ಸಮುದ್ರದ ಹತ್ತಿರ ನಿಂತರೆ ಕೋಟೆ ಇಲ್ಲ. ನಡುವೆ ಒಂದು ದಪ್ಪ ಗುಡ್ಡ. ನಿಮ್ಮ ತಂದೆ ಕ್ಯಾಲೆಂಡರಿನ ಎರಡು ಪುಟಗಳನ್ನು ಸೇರಿಸಿ ಒಂದೇ ಊರು ಮಾಡಿಬಿಟ್ಟಿದ್ದರು! ಅಂದು ವೀಡಿಯೊ ಕಾಲ್‌ನಲ್ಲಿ ನೀವು ಕೇಳಿದ ಮೊದಲ ಪ್ರಶ್ನೆಯೇ ಅದು: "ಕೋಟಿ, ಸಮುದ್ರ ಎರಡೂ ಒಂದ ಕಡೆ ನಿಂತ್ರ ಕಾಣ್ತಾವೇನವ್ವಾ? ನಮ್ಮಪ್ಪ ಬರದಂಗ ಐತೇನು?"

"ಥೇಟ್ ಹಾಗೇ ಇದೆ ಮಾವ," ಎಂದೆ.

ಯಾಕೆ ಹಾಗೆಂದೆನೋ. ಹೊಸ ಮಾತು ಬೆಳೆಸಲು ದಣಿವಾಗಿತ್ತೋ, ಅಥವಾ — ಅದನ್ನು ಕಂಡುಹಿಡಿಯುವ ಖುಷಿ ನಿಮ್ಮದಾಗಬೇಕಿತ್ತು, ಅದನ್ನು ಹೇಳುವ ಯೋಗ್ಯತೆ ನನಗಿಲ್ಲ ಅನ್ನಿಸಿತೋ. ನೀವೇ ಅಲ್ಲಿದ್ದಿದ್ದರೆ ಗುಡ್ಡದ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಅಪ್ಪನ ಕಳ್ಳಾಟವನ್ನು ಮಗ ಹಿಡಿಯುವುದು! ಆ ನಗುವನ್ನು ನಾನು ನಿಮ್ಮಿಂದ ಕಸಿದುಕೊಂಡೆ.

ಇಲ್ಲಿಗೆ ನಿಂತಿದ್ದರೆ ಇದೊಂದು ಸಣ್ಣ ಸುಳ್ಳಾಗಿ ಹಳತಾಗಿ ಹೋಗುತ್ತಿತ್ತೇನೋ. ನಿಲ್ಲಲಿಲ್ಲ.

ಮರುವರ್ಷ ಟೊರಾಂಟೊದಲ್ಲಿ ನಿಮ್ಮ ಮಗಳು ಶೈಲಾ ಬಸುರಾದಳು. ಬಾಣಂತನಕ್ಕೆ ಹೋಗಲು ಅತ್ತೆ ಇರಲಿಲ್ಲ. ತವರಿನವರೊಬ್ಬರು ಇರಲೇಬೇಕೆಂದು ನೀವೇ ಹೊರಡಲು ಸಿದ್ಧರಾದಿರಿ. ಪಕ್ಕದ ಮನೆಯವರಿಂದ ಅಂಟಿನುಂಡೆ ಕಟ್ಟುವುದು ಕಲಿತಿರಿ, ಕೂಸಿಗೆ ಎಣ್ಣೆ ಹಚ್ಚುವುದನ್ನು ಅನಘಾ ಗದಗಿನಲ್ಲಿ ಬಿಟ್ಟುಬಂದಿದ್ದ ಹಳೇ ಗೊಂಬೆಯ ಮೇಲೆ ಕಲಿತಿರಿ. ಹುಬ್ಬಳ್ಳಿಯ ವೀಸಾ ಏಜೆಂಟರ ಬಳಿ ಕೂತು ನನಗೇ ಫೋನ್ ಮಾಡಿದಿರಿ. ನಾನು ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನಿಂದ ಇಳಿಯುತ್ತಿದ್ದೆ.

"ಕೆನಡಾದ ಫಾರ್ಮಿನಾಗ ಯಾವ್ದರ ದೇಶ ವೀಸಾ ಇಲ್ಲ ಅಂದೈತೇನು ಅಂತ ಕೇಳ್ಯಾರವ್ವಾ. ಏಜೆಂಟ ಇಂಗ್ಲೆಂಡಿಂದು ಹೇಳಬ್ಯಾಡ್ರಿ ಅಂತಾನ. ನನಗ ಸುಳ್ಳ ಹೇಳಾಕ ಆಗೂದಿಲ್ಲ. ಏನ್ ಮಾಡ್ಲಿ?"

ದೇವರು ಕೊಟ್ಟ ಅವಕಾಶ ಅದು. ಮಾವ, ಯಾವ ದೇಶವೂ ಇಲ್ಲ ಅಂದಿಲ್ಲ, ಇಲ್ಲ ಅಂದವಳು ನಾನು — ಅಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು ಬೇರೆ.

"ಇದ್ದದ್ದನ್ನ ಇದ್ದ ಹಾಗೇ ಹೇಳ್ಬಿಡಿ ಮಾವ. ಅದೇ ಒಳ್ಳೇದು."

ಸತ್ಯವಂತನಿಗೆ ಸತ್ಯದ ಹೆಸರಿನಲ್ಲಿ ಸುಳ್ಳು ಬರೆಸಿದೆ. ಯಾವಾಗ ನಿರಾಕರಿಸಿದರು, ಏಕೆ, ಆ ಕಾಗದ ಎಲ್ಲಿ ಎಂದು ಕೆನಡಾದವರು ಕೇಳಿದರು. ನೀವು ನನ್ನನ್ನು ಕೇಳಿದಿರಿ. ಮನೆ ಬದಲಾಯಿಸುವಾಗ ಕಳೆದುಹೋಗಿದೆ ಎಂದೆ. ಇಲ್ಲದ ಕಾಗದ ಎಲ್ಲಿಂದ ಬರಬೇಕು? ಕೆನಡಾ ಇಲ್ಲ ಅಂದಿತು. ಬೇರೆ ಕಾರಣಗಳೂ ಇದ್ದವೇನೋ, ಗೊತ್ತಿಲ್ಲ. ಅವುಗಳ ಹಿಂದೆ ಅಡಗಿಕೊಳ್ಳುವುದಿಲ್ಲ. ನೀವು ಕಟ್ಟಿದ ಉಂಡೆಗಳು ಪಾರ್ಸೆಲ್‌ನಲ್ಲಿ ಹೋದವು. ಮೊಮ್ಮಗಳನ್ನು ಫೋನಿನ ಪರದೆಯಲ್ಲಿ ನೋಡಿದಿರಿ.

ಈಗ ಶೈಲಾ ಮತ್ತೆ ಬಸುರಿ. ಹೋದ ತಿಂಗಳು ಮಹೇಶ, "ಅಪ್ಪಾ, ಇನ್ನೊಮ್ಮೆ ಹಾಕೋಣ" ಎಂದ. ಸ್ಪೀಕರಿನಲ್ಲಿ ನಿಮ್ಮ ದನಿ ಕೇಳಿತು. "ಬ್ಯಾಡೋ. ಎರಡು ದೇಶ ಬ್ಯಾಡಂದ ಮನಿಷಾ ನಾನು. ನನ್ನಾಗ ಏನರ ಕೊರತಿ ಇದ್ದೀತು."

ನಿಮ್ಮಲ್ಲಿ ಕೊರತೆ! ಅವತ್ತು ಒಲೆ ಆರಿಸಿ, ಮಹೇಶನನ್ನು ಕೂರಿಸಿ, ಎಲ್ಲವನ್ನೂ ಹೇಳಿದೆ. ಅವನು ಬಯ್ಯಲಿಲ್ಲ. ಕಾರಿನ ಕೀಲಿ ತೆಗೆದುಕೊಂಡು ಹೊರಟುಹೋದ. ಬಂದ ಮೇಲೂ ಬೇಕಾದಷ್ಟು ಮಾತ್ರ ಮಾತು. ಆಮೇಲೆ ಶೈಲಾಗೆ ಫೋನ್ ಮಾಡಿದೆ. "ಬಾಣಂತನದಾಗ ನಾ ಒಬ್ಬಾಕಿನ ಇದ್ದೆ, ವೈನಿ," ಎಂದಳು. ಫೋನ್ ಇಟ್ಟಳು.

ನೀವು ಒಪ್ಪಿದರೆ ಹಾಕುವ ಹೊಸ ಅರ್ಜಿಯ ಜೊತೆ ಹಳೆಯ ತಪ್ಪನ್ನು ತಿದ್ದಲು, ನಡೆದದ್ದನ್ನು ನನ್ನ ಹೆಸರಿನಲ್ಲೇ ಬರೆದು ಸಹಿ ಹಾಕಿದ್ದೇನೆ. ಅದರಿಂದ ನಿಮಗೆ ವೀಸಾ ಸಿಗುತ್ತದೋ ಇಲ್ಲವೋ, ತಿಳಿಯದು. ಅದು ಸಿಕ್ಕರೂ ಹೋದ ಬಾಣಂತನ ವಾಪಸು ಬರುವುದಿಲ್ಲ, ಊಟದ ಹಾಲ್‌ನಲ್ಲಿ ನೀವು ತಲೆಯಾಡಿಸಿದ್ದೂ ಅಳಿಸುವುದಿಲ್ಲ.

ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಶುಕ್ರವಾರ ಹೊರಡುತ್ತಿದ್ದೇನೆ, ಒಬ್ಬಳೇ. ಬಾಯಿ ಕಟ್ಟಿದರೆ ಇರಲಿ ಎಂದು ಇದನ್ನು ಬರೆದಿಟ್ಟುಕೊಂಡಿದ್ದೇನೆ. ಗದಗಿನಲ್ಲಿ ನೀವೀಗ ಇರುವ ನಿಮ್ಮ ತಮ್ಮನ ಮನೆಯ ಬಾಗಿಲಿಗೆ ನೀವೇ ಬರುತ್ತೀರಿ. ಬಾರವ್ವಾ ಎಂದು, ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಬೆಲ್ಲ ಹಿಡಿದು ಕರೆಯುತ್ತೀರಿ. ನಾನು ಹೊಸ್ತಿಲ ಹೊರಗೇ ನಿಂತು ಹೇಳುತ್ತೇನೆ ಮಾವ. ಒಳಗೆ ಬಂದು, ನೀವು ಕೊಟ್ಟ ನೀರು ಕುಡಿದ ಮೇಲೆ ಹೇಳಿದರೆ ನೀವು ನನ್ನನ್ನು ಬಯ್ಯಲಾರಿರಿ.