ಇಪೋ ಗೋಡೌನಿನ ಮೂವತ್ತೆಂಟು ಮಿಶನ್‌ಗಳು

2021ರ ಜುಲೈ ಹೊತ್ತಿಗೆ ದೇವಕಿಯ ಫೋನ್ ನಂಬರು ಅವಳು ಕಂಡು ಕೇಳಿರದ ಎಷ್ಟೋ ಜನರ ಕೈಗೆ ಹೋಗಿಬಿಟ್ಟಿತ್ತು. ‘ಆಕ್ಸಿಜನ್ ಮಿಶನ್ ಬಾಡಿಗೆಗೆ ಕೊಡೋ ಕಂಪನೀಲಿ ನಮ್ಮೋರೊಬ್ರು ಇದಾರೆ’ ಅಂತ ಮಲಯ್ ನಾಡಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದರು. ಅಂದಿನಿಂದ ಬೆಳಿಗ್ಗೆ ಹಾಲು ಕಾಯಿಸುವಾಗಲೂ ಫೋನು, ಮಗಳು ತನ್ವಿಯ ತಲೆ ಬಾಚುವಾಗಲೂ ಫೋನು. ಕ್ಲಾಂಗ್‌ನಿಂದ, ಶಾ ಆಲಮ್‌ನಿಂದ, ಒಮ್ಮೆ ಪುಚೊಂಗ್‌ನ ಅವಳದೇ ಕಟ್ಟಡದ ಹನ್ನೊಂದನೇ ಮಹಡಿಯಿಂದ.

ದೇವಕಿಗೆ ಮಿಶನ್ ಕೊಡುವ ಅಧಿಕಾರವೇನೂ ಇರಲಿಲ್ಲ. ಅವಳು ಆ ಕಂಪನಿಯ ಐಟಿ ವಿಭಾಗದಲ್ಲಿ ಡೇಟಾ ನೋಡಿಕೊಳ್ಳುವವಳು. ಮೈಸೂರಿನವಳು, ವಯಸ್ಸು ನಲವತ್ತೊಂದು. ಗಂಡ ಮಧ್ವರಾಜ ಮೆಲಾಕಾದ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಮೊದಲೆಲ್ಲ ಶುಕ್ರವಾರ ಸಂಜೆ ಕಾರು ಹತ್ತಿ ಎರಡು ಗಂಟೆಯಲ್ಲಿ ಮನೆಗೆ ಬರುತ್ತಿದ್ದವನು, ಲಾಕ್‌ಡೌನ್ ಬಂದು ರಾಜ್ಯದ ಗಡಿ ದಾಟಲು ಪೊಲೀಸರ ಅನುಮತಿ ಬೇಕೆಂದಾದ ಮೇಲೆ ಎರಡೂವರೆ ತಿಂಗಳಿಂದ ಬಂದಿರಲಿಲ್ಲ. ಒಂಬತ್ತು ವರ್ಷದ ಮಗಳು, ಎರಡು ಕೋಣೆಯ ಮನೆ, ಊಟದ ಮೇಜಿನ ಮೇಲೊಂದು ಲ್ಯಾಪ್‌ಟಾಪು. ಅವಳ ಪ್ರಪಂಚ ಅಷ್ಟಕ್ಕೇ ಬಂದು ನಿಂತಿತ್ತು.

ಹನ್ನೆರಡನೇ ತಾರೀಕು ಸೋಮವಾರ ಬೆಳಿಗ್ಗೆ ಫೋನ್ ಮಾಡಿದ್ದು ಸರೋಜ ಎಂಬಾಕೆ. ಮಂಗಳೂರಿನ ಕಡೆಯವರು, ಕ್ಲಾಂಗ್‌ನಲ್ಲಿ ಮನೆ. ಗಂಡ ಜಯಕರ ಹಡಗಿನ ಸರಕು ಕಳಿಸುವ ಆಫೀಸಿನಲ್ಲಿ ಗುಮಾಸ್ತ. ಐದು ದಿನದಿಂದ ಜ್ವರ.

“ನಿಮ್ಮಲ್ಲಿ ಒಂದು ಮಿಶನ್ ಉಂಟಾ ಮೇಡಂ? ಇವರಿಗೆ ಆಕ್ಸಿಜನ್ ಎಂಬತ್ತೊಂಬತ್ತು ತೋರಿಸ್ತಾ ಉಂಟು. ಆಸ್ಪತ್ರೆಯಲ್ಲಿ ರೋಗಿಗಳನ್ನು ಹೊರಗೆ ಚಪ್ಪರ ಹಾಕಿ ಕುರ್ಚಿಯಲ್ಲಿ ಕೂರಿಸಿದ್ದಾರಂತೆ. ಹಾಸಿಗೆ ಆಗುವವರೆಗೆ ಮನೆಯಲ್ಲೇ ಇರಿ ಅಂತಾರೆ. ಇರುವುದು ಹೇಗೆ, ನೀವೇ ಹೇಳಿ.”

ದೇವಕಿ ಲ್ಯಾಪ್‌ಟಾಪಿನಲ್ಲಿ ಆ ದಿನದ ವರದಿ ತೆಗೆದು ನೋಡಿದಳು. ಶಾ ಆಲಮ್, ಸೊನ್ನೆ. ಜೊಹೊರ್, ಸೊನ್ನೆ. ಇಪೋ, ಸೊನ್ನೆ.

“ಎಲ್ಲೂ ಇಲ್ಲ ಸರೋಜ ಅವರೇ. ಬಂದ ತಕ್ಷಣ ನಾನೇ ಫೋನ್ ಮಾಡ್ತೀನಿ.”

“ಮಾಡ್ತೀರಲ್ಲ? ಮರೀಬೇಡಿ ಮಾರ್ರೆ,” ಎಂದು ಆಕೆ ಅಳುವುದಕ್ಕೇ ಶುರುಮಾಡಿದರು. ಪಕ್ಕದಲ್ಲಿ ಗಂಡಸೊಬ್ಬರು ಕೆಮ್ಮುವುದು ಕೇಳಿಸಿತು. ಕೆಮ್ಮು ನಿಲ್ಲುವ ಮೊದಲೇ ಫೋನು ಕಡಿಯಿತು.

ಆ ವಾರ ದೇವಕಿಯ ತಲೆಯ ಮೇಲೆ ಇನ್ನೊಂದು ಕೆಲಸವಿತ್ತು. ಕಂಪನಿ ಎರಡು ವರ್ಷದಲ್ಲಿ ಎರಡು ಸಣ್ಣ ಕಂಪನಿಗಳನ್ನು ಕೊಂಡು ದೊಡ್ಡದಾಗಿತ್ತು. ಮೂರು ಊರು, ಮೂರು ಥರದ ಸಾಫ್ಟ್‌ವೇರು. ಎಲ್ಲವನ್ನೂ ಒಟ್ಟು ಸೇರಿಸಿ ವರದಿ ಮಾಡಲು ಆಫೀಸಿನ ಹಳೆಯ ಸರ್ವರಿಗೆ ಏಳು ಗಂಟೆ ಹಿಡಿಯುತ್ತಿತ್ತು. ಅದರ ಬದಲು ಕ್ಲೌಡ್ ಡೇಟಾ ವೇರ್‌ಹೌಸ್ ತೆಗೆದುಕೊಳ್ಳಬೇಕೆಂದು ನಿರ್ಧಾರವಾಗಿತ್ತು. ಎಲ್ಲ ಶಾಖೆಗಳ ದಾಖಲೆಯನ್ನು ಇಂಟರ್‌ನೆಟ್ಟಿನಾಚೆಯ ಬಾಡಿಗೆ ಉಗ್ರಾಣದಲ್ಲಿ ತುಂಬಿಟ್ಟು, ಬೇಕೆಂದಾಗ ಪ್ರಶ್ನೆ ಕೇಳಿ ಉತ್ತರ ಪಡೆಯುವ ಏರ್ಪಾಡು ಅದು. ಅಂಥವನ್ನು ಒದಗಿಸುವ ಮೂರು ಕಂಪನಿಗಳು ಪರೀಕ್ಷೆಗೆಂದು ಖಾತೆ ತೆರೆದುಕೊಟ್ಟಿದ್ದವು. ಮೂರನ್ನೂ ಹೋಲಿಸಿ, ಯಾವುದು ವ್ಯವಹಾರಕ್ಕೆ ಒಗ್ಗುತ್ತದೆಂದು ಶುಕ್ರವಾರದೊಳಗೆ ಬರೆದುಕೊಡಬೇಕಿತ್ತು.

ಕೊಡಬೇಕಾದದ್ದು ದಾಮೋದರನಿಗೆ. ಐಟಿ ವಿಭಾಗದ ಮುಖ್ಯಸ್ಥ, ಬೆಂಗಳೂರಿನವನು, ಸುಬಾಂಗ್ ಜಯಾದಲ್ಲಿ ಹದಿನಾರು ವರ್ಷದಿಂದ ಇರುವವನು. ಹಿಂದಿನ ವರ್ಷ ದೇವಕಿಯ ಹಳೆಯ ಕಂಪನಿ ಬಾಗಿಲು ಹಾಕಿದಾಗ ಕರೆದು ಕೆಲಸ ಕೊಟ್ಟವನು ಅವನೇ. ಆ ದೇಶದಲ್ಲಿ ಕೆಲಸ ಮಾಡಲು ಬೇಕಾದ ಅವಳ ವರ್ಕ್ ಪಾಸ್ ಅಕ್ಟೋಬರಿನಲ್ಲಿ ಮುಗಿಯುತ್ತಿತ್ತು, ಅದನ್ನು ಮುಂದುವರಿಸುವ ಪತ್ರಕ್ಕೆ ಸಹಿ ಹಾಕಬೇಕಾದವನೂ ಅವನೇ.

ದೇವಕಿ ಮೂರಕ್ಕೂ ಒಂದೇ ಪ್ರಶ್ನೆ ಇಟ್ಟಳು. ‘ಈಗ ಬಾಡಿಗೆಗೆ ಸಿದ್ಧವಿರುವ ಆಕ್ಸಿಜನ್ ಮಿಶನ್ ಯಾವ ಊರಲ್ಲಿ ಎಷ್ಟಿವೆ?’ ಬೇರೆ ಪ್ರಶ್ನೆ ಅವಳಿಗೆ ಹೊಳೆಯಲೇ ಇಲ್ಲ. ದಿನಕ್ಕೆ ಇಪ್ಪತ್ತು ಜನ ಕೇಳುತ್ತಿದ್ದದ್ದು ಅದನ್ನೇ.

ಬುಧವಾರ ಮಧ್ಯಾಹ್ನ ಉತ್ತರ ಬಂತು. ಮೊದಲನೆಯದು ನಾಲ್ಕು ಸೆಕೆಂಡಿನಲ್ಲಿ ಹೇಳಿತು: ಎಲ್ಲೂ ಇಲ್ಲ. ಎರಡನೆಯದು ಆರು ಸೆಕೆಂಡು ತೆಗೆದುಕೊಂಡು ಅದನ್ನೇ ಹೇಳಿತು. ಮೂರನೆಯದು ಒಂಬತ್ತು ಸೆಕೆಂಡು ತಡವರಿಸಿ, ಇಪೋದಲ್ಲಿ ಮೂವತ್ತೆಂಟು ಎಂದಿತು.

ಎಲ್ಲೋ ತಪ್ಪಿರಬೇಕೆಂದು ಇನ್ನೊಮ್ಮೆ ಕೇಳಿದಳು. ಮೂವತ್ತೆಂಟು.

“ಅಮ್ಮಾ, ಐ ಆ್ಯಮ್ ಹಂಗ್ರಿ,” ಎಂದು ತನ್ವಿ ಕೋಣೆಯಿಂದ ಬಂದಳು. ಆನ್‌ಲೈನ್ ಕ್ಲಾಸು ಮುಗಿದಿತ್ತು.

“ಒಂದೈದು ನಿಮಿಷ ಚಿನ್ನ,” ಎಂದ ದೇವಕಿ ಫೋನೆತ್ತಿಕೊಂಡಳು. ಮಗು ತಾನೇ ಬಿಸ್ಕತ್ತಿನ ಡಬ್ಬಿ ತೆಗೆದುಕೊಂಡು ಹೋಯಿತು.

ಮೂರು ಉತ್ತರಗಳನ್ನೂ ಕೇಳಿದ ದಾಮೋದರ ನಿರಾಳವಾಗಿ ಮಾತಾಡಿದ. “ಮೂರನೇದಕ್ಕೆ ಡೇಟಾ ಹೇಗೆ ಹಾಕಿದ್ರಿ?”

“ಮೊದಲೆರಡಕ್ಕೆ ನಮ್ಮ ಸರ್ವರ್ ಸೇರಿಸಿಟ್ಟಿದ್ದ ಫೈಲನ್ನೇ ಕೊಟ್ಟೆ ಸರ್. ಮೂರನೇದು ಶಾಖೆಗಳ ಮೂಲ ಫೈಲನ್ನೇ ನೇರವಾಗಿ ಓದುತ್ತೆ ಅಂತಾರಲ್ಲ, ಹಾಗಾಗಿ ಅದಕ್ಕೆ ಮೂಲವನ್ನೇ ಕೊಟ್ಟೆ. ಸೇರಿಸೋದು ನಾನೇ ಬರೆದೆ.”

“ಅಲ್ಲೇ ಎಡವಿದೀರಿ. ಅದನ್ನ ಬಿಟ್ಟಾಕಿ. ಮೂರನೇದು ನಿಧಾನ, ಉತ್ತರಾನೂ ತಪ್ಪು ಅಂತ ಬರೀರಿ. ಮೊದಲನೇದು ತಗೊಳ್ಳೋಣ.”

ಬರೆದುಬಿಡಬಹುದಿತ್ತು. ಆದರೆ ಸೊನ್ನೆಯನ್ನು ಸುಳ್ಳಾಗಿಸುವ ಒಂದು ಸಂಖ್ಯೆ ಕಣ್ಣೆದುರಿಗಿತ್ತು. ಅವಳು ಇಪೋ ಗೋಡೌನಿನ ಮೇಲ್ವಿಚಾರಕಿ ಅಜ್ಲಿನಾಳಿಗೆ ಫೋನ್ ಹಚ್ಚಿದಳು. ಇಬ್ಬರೂ ಮುಖ ನೋಡಿದವರಲ್ಲ. ಹಿಂದಿನ ವಾರ ಇಪೋದ ಸಂಕೇತಗಳ ಪಟ್ಟಿ ಕಳಿಸಿದ್ದವಳು ಅಜ್ಲಿನಾ; ದೇವಕಿ ಮೂರನೆಯದಕ್ಕೆ ಡೇಟಾ ಸೇರಿಸಿದ್ದು ಆ ಪಟ್ಟಿಯಂತೆ.

“ನಿಮ್ಮಲ್ಲಿ ಕೆಲಸ ಮಾಡೋ ಮಿಶನ್ ಯಾವುದಾದರೂ ಇದೆಯಾ?” ಎಂದು ದೇವಕಿ ಇಂಗ್ಲಿಷಿನಲ್ಲಿ ಕೇಳಿದಳು.

“ಇದೆ ಲಾ. ಮೂವತ್ತೆಂಟು. ಒರೆಸಿ, ಪರೀಕ್ಷೆ ಮಾಡಿ ಇಟ್ಟಿದೀವಿ,” ಎಂದಳು ಅಜ್ಲಿನಾ, ಆ ದೇಶದವರ ರೂಢಿಯ ‘ಲಾ’ ಸೇರಿಸಿ.

“ಮತ್ಯಾಕೆ ಕಳಿಸಿಲ್ಲ?”

“ಹೆಡ್ ಆಫೀಸಿಂದ ಆರ್ಡರೇ ಬರ್ಲಿಲ್ಲ. ಯಾವುದೋ ಸರ್ಕಾರಿ ಆಸ್ಪತ್ರೆಗೆ ಅಂತ ತೆಗೆದಿಟ್ಟಿರಬೇಕು ಅಂದ್ಕೊಂಡೆ. ಎರಡು ಸಲ ಮೇಲ್ ಮಾಡಿದೆ, ಉತ್ತರ ಇಲ್ಲ. ನಮ್ಮ ಪಟ್ಟೀಲಿ ಎಲ್ಲದರ ಮುಂದೂ ‘ಎಸ್’ ಅಂತ ಹಾಕಿದೀನಲ್ಲ. ಎಸ್ ಅಂದ್ರೆ ಸೆಡಿಯಾ.”

ಮಲಯ್ ಭಾಷೆಯಲ್ಲಿ ಸೆಡಿಯಾ ಎಂದರೆ ಸಿದ್ಧ. ಆದರೆ ಶಾ ಆಲಮ್‌ನ ಹೆಡ್ ಆಫೀಸಿನಲ್ಲಿ ಎಸ್ ಎಂದರೆ ಸರ್ವಿಸ್, ಅಂದರೆ ರಿಪೇರಿಗೆ ಹೋದದ್ದು. ಇಪೋ ಶಾಖೆಯನ್ನು ಜೂನ್ ಇಪ್ಪತ್ತೊಂದಕ್ಕೆ ಹೆಡ್ ಆಫೀಸಿನ ವರದಿಗೆ ಸೇರಿಸಿದ್ದರು. ಹಾಗೆ ಸೇರಿಸುವ ಪ್ರೋಗ್ರಾಂ ಬರೆದವನು ದಾಮೋದರ. ಎರಡು ಎಸ್‌ಗಳು ಬೇರೆಬೇರೆಯೇ ಎಂದು ಅವನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಇಪ್ಪತ್ತಮೂರು ದಿನದಿಂದ ಒಳ್ಳೆಯ ಮಿಶನ್‌ಗಳೆಲ್ಲ ಕೆಟ್ಟವೆಂದು ದಾಖಲಾಗುತ್ತಿದ್ದವು.

ದೇವಕಿ ಮತ್ತೆ ದಾಮೋದರನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದಳು.

“ಯಾರಿಗಾದ್ರೂ ಹೇಳಿದ್ರಾ?”

“ಇಲ್ಲ ಸರ್. ಮೊದಲು ಲಾರಿ ಕಳಿಸೋಣ. ಗಡಿ ದಾಟೋಕೆ ಅನುಮತಿ ಬೇಕು, ಅದಕ್ಕೆ ಎಂ.ಡಿ. ಸಹಿ ಬೇಕಲ್ಲ.”

“ಎಂ.ಡಿ. ಕೇಳ್ತಾರೆ, ಎಷ್ಟು ದಿನದಿಂದ ಹೀಗಿತ್ತು ಅಂತ. ಸ್ವಲ್ಪ ತಾಳಿ ದೇವಕಿ. ಸೋಮವಾರದ ಹೊತ್ತಿಗೆ ನಾನೇ ಸರಿಮಾಡ್ತೀನಿ. ದಿನಕ್ಕೆ ನಾಲ್ಕೈದರ ಹಾಗೆ ‘ರಿಪೇರಿ ಆಗಿ ಬಂತು’ ಅಂತ ತೋರಿಸಿದ್ರೆ ಯಾರಿಗೂ ಗೊತ್ತಾಗಲ್ಲ.”

“ಸೋಮವಾರ ಅಂದ್ರೆ ಇನ್ನೂ ಐದು ದಿನ ಸರ್! ಕ್ಲಾಂಗ್‌ನಲ್ಲಿ ಒಬ್ಬರಿಗೆ ಮೊನ್ನೆಯೇ ಎಂಬತ್ತೊಂಬತ್ತಿತ್ತು.”

“ನನಗೂ ಹೆಂಡತಿ ಮಕ್ಕಳಿದಾರೆ ದೇವಕಿ. ಈ ವಯಸ್ಸಲ್ಲಿ, ಇಂಥ ಟೈಮಲ್ಲಿ ಕೆಲಸ ಹೋದ್ರೆ ನನಗ್ಯಾರು ಕೊಡ್ತಾರೆ? ನಿಮ್ಮ ಪಾಸ್‌ದೂ ಇದೆ, ನೆನಪಿರಲಿ.” ಅವನ ದನಿಯಲ್ಲಿ ಬೆದರಿಕೆಗಿಂತ ಭಯವೇ ಹೆಚ್ಚಿತ್ತು. ಅದು ಅವಳಿಗೆ ಇನ್ನೂ ಕಷ್ಟವಾಯಿತು. ಗದರಿದ್ದರೆ ತಿರುಗಿ ಜಗಳವಾದರೂ ಆಡಬಹುದಿತ್ತು.

ಫೋನಿಟ್ಟು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತಳು. ಕೆಲಸ ಹೋದರೆ ಪಾಸ್ ಹೋಗುತ್ತದೆ. ಊರಿಗೆ ಹೋಗೋಣವೆಂದರೆ ವಿಮಾನವಿಲ್ಲ, ಮೆಲಾಕಾಕ್ಕೆ ಹೋಗೋಣವೆಂದರೆ ದಾರಿಯಿಲ್ಲ. ಮಧ್ವರಾಜನಿಗೆ ಫೋನ್ ಮಾಡಿದಳು, ಅವನು ಪಾಠದಲ್ಲಿದ್ದ, ಎತ್ತಲಿಲ್ಲ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳು ಬಂದು ಕೂತು ಎಂ.ಡಿ.ಗೆ, ಸರಬರಾಜು ವಿಭಾಗಕ್ಕೆ, ಅಜ್ಲಿನಾಳಿಗೆ ಒಂದೇ ಮೇಲ್ ಬರೆದಳು. ಒಟ್ಟು ಐದು ಸಾಲು. ದಾಮೋದರನ ಹೆಸರು ಬರೆಯಲಿಲ್ಲ. ಅವನಿಗೂ ಒಂದು ಪ್ರತಿ ಹಾಕಿ ಕಳಿಸಿದಳು.

ಸರೋಜರಿಗೆ ಫೋನ್ ಮಾಡಿ, “ಮಿಶನ್ ಸಿಕ್ಕಿದೆ. ನಾಳೆ ಮಧ್ಯಾಹ್ನದೊಳಗೆ ಬರುತ್ತೆ. ಹೇಗಿದ್ದಾರೆ?” ಎಂದಳು.

“ಎಂಬತ್ತೊಂದು,” ಎಂದರು ಸರೋಜ. “ಮಾತಾಡುವುದು ನಿಲ್ಲಿಸಿದ್ದಾರೆ. ಸನ್ನೆ ಮಾಡ್ತಾರೆ, ಅಷ್ಟೆ.”

ಅನುಮತಿ ಪತ್ರ ಗುರುವಾರ ಬೆಳಿಗ್ಗೆ ಎಂಟಕ್ಕೆ ಸಿಕ್ಕಿತು. ಎರಡು ವ್ಯಾನುಗಳು ಇಪೋ ಬಿಟ್ಟವು. ತಂಜುಂಗ್ ಮಾಲಿಮ್ ಹತ್ತಿರ ಪೊಲೀಸ್ ತಡೆಯಲ್ಲಿ ಒಂದೂಕಾಲು ಗಂಟೆ ನಿಂತವು. ದೇವಕಿ ಚಾಲಕನಿಗೆ ಎಷ್ಟು ಸಲ ಫೋನ್ ಮಾಡಿದಳೆಂದರೆ, ಕೊನೆಗೆ ಆತ, “ಅಕ್ಕಾ, ನೀವು ಫೋನ್ ಮಾಡಿದ್ರೆ ಸಾಲು ಮುಂದೆ ಹೋಗಲ್ಲ,” ಎಂದು ತಮಿಳಿನಲ್ಲಿ ಹೇಳಿ ಇಟ್ಟುಬಿಟ್ಟ. ಕ್ಲಾಂಗ್‌ನ ಮನೆಗೆ ಮಿಶನ್ ತಲುಪಿದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ಜಯಕರನನ್ನು ಹನ್ನೊಂದಕ್ಕೇ ಆಂಬುಲೆನ್ಸ್ ಕರೆದೊಯ್ದಿತ್ತು. ಬಾಗಿಲಲ್ಲಿ ಸರೋಜ ಒಬ್ಬರೇ ನಿಂತಿದ್ದರಂತೆ. “ಇದು ಈಗ ನಮಗೆ ಬೇಡ. ಇನ್ನೊಬ್ಬರಿಗೆ ಕೊಡಿ,” ಎಂದು ವಾಪಸು ಕಳಿಸಿದರಂತೆ. ಅದೇ ಮಿಶನ್ ನಾಲ್ಕು ಬೀದಿ ಆಚೆ ಒಬ್ಬ ಅಜ್ಜಿಗೆ ಹೋಯಿತು.

ಶನಿವಾರ ಜಯಕರ ತೀರಿಹೋದ. ಸುದ್ದಿ ಅದೇ ವಾಟ್ಸಾಪ್ ಗುಂಪಿನಲ್ಲಿ ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ದೇವಕಿ ಅದನ್ನು ನೋಡಿದ್ದು ದೋಸೆ ಹುಯ್ಯುವಾಗ. ದೋಸೆ ಕಾವಲಿಯ ಮೇಲೆ ಕಪ್ಪಾಯಿತು. ತನ್ವಿ ಬಂದು ಗ್ಯಾಸ್ ಆರಿಸಿದಳು. “ವಾಟ್ ಹ್ಯಾಪನ್ಡ್, ಅಮ್ಮಾ?” ಎಂದು ಮತ್ತೆಮತ್ತೆ ಕೇಳಿದ ಮಗುವಿಗೆ ದೇವಕಿ ಕಾವಲಿ ಕೆರೆದು ಇನ್ನೊಂದು ದೋಸೆ ಹುಯ್ದು ಕೊಟ್ಟಳು.

ಹೋಲಿಕೆಯ ಸಭೆ ಮುಂದಕ್ಕೆ ಹೋಗಿ ಇಪ್ಪತ್ತಮೂರನೇ ತಾರೀಕಿಗೆ ನಡೆಯಿತು. ನಿರ್ದೇಶಕರೆಲ್ಲ ತಮ್ಮತಮ್ಮ ಮನೆಗಳಿಂದ ಪರದೆಯ ಮೇಲೆ ಬಂದರು. ಯಾವುದು ವೇಗ, ಯಾವುದಕ್ಕೆ ಖರ್ಚು ಕಮ್ಮಿ, ಯಾವುದರ ಕಂಪ್ಯೂಟರುಗಳು ಈ ದೇಶಕ್ಕೆ ಹತ್ತಿರ ಎಂದು ಕೇಳಿದರು. ದೇವಕಿ ಎಲ್ಲಕ್ಕೂ ಉತ್ತರ ಹೇಳಿದಳು. ಕೊನೆಗೆ, “ಮೂರೂ ಚೆನ್ನಾಗಿವೆ. ಆದರೆ ತಪ್ಪು ಉತ್ತರವನ್ನು ನಾಲ್ಕು ಸೆಕೆಂಡಿನಲ್ಲಿ ಕೊಟ್ಟದ್ದೂ ಇವುಗಳಲ್ಲೇ ಒಂದು. ನಾವು ಹಾಕಿದ್ದನ್ನೇ ಅದು ತಿರುಗಿ ಹೇಳಿತು. ಶಾಖೆಗಳ ಸಂಕೇತಗಳು ಒಂದಾಗೋವರೆಗೆ ಯಾವುದನ್ನು ಕೊಂಡರೂ ಒಂದೇ,” ಎಂದಳು. ಒಬ್ಬರು ಟಿಪ್ಪಣಿ ಬರೆದುಕೊಂಡರು. ಕಂಪನಿ ಮೊದಲನೆಯದನ್ನೇ ಕೊಂಡಿತು. ದಾಮೋದರ ಆ ಸಭೆಯಲ್ಲಿ ಕ್ಯಾಮೆರಾ ಹಾಕಿರಲಿಲ್ಲ. ಅವನ ಕೆಲಸವೇನೂ ಹೋಗಲಿಲ್ಲ, ಒಂದು ಎಚ್ಚರಿಕೆ ಪತ್ರ ಬಂತು. ಅವನು ದೇವಕಿಯೊಡನೆ ಕನ್ನಡದಲ್ಲಿ ಮಾತಾಡುವುದನ್ನು ನಿಲ್ಲಿಸಿದ.

ಆಗಸ್ಟ್ ಎರಡನೇ ವಾರ ಸರೋಜ ಫೋನ್ ಮಾಡಿದರು. ದನಿಯಲ್ಲಿ ಅಳು ಇರಲಿಲ್ಲ.

“ಒಂದು ಕೇಳ್ತೇನೆ, ಸತ್ಯ ಹೇಳಬೇಕು. ಆ ಮಿಶನ್ ಇಪೋಗೆ ಯಾವತ್ತು ಬಂದದ್ದು? ವ್ಯಾನಿನವ ಅಂದ, ತುಂಬ ದಿನದಿಂದ ಅಲ್ಲೇ ಇತ್ತಂತೆ.”

ಗೊತ್ತಿಲ್ಲ ಎನ್ನಬಹುದಿತ್ತು.

“ನಮಗೆ ಗೊತ್ತಾಗೋ ಹೊತ್ತಿಗೆ ಇಪ್ಪತ್ತಮೂರು ದಿನದಿಂದ ಅಲ್ಲೇ ಇತ್ತು. ನೀವು ನನಗೆ ಫೋನ್ ಮಾಡಿದ ದಿನವೂ ಇತ್ತು. ನಾನು ಇಲ್ಲ ಅಂದೆ. ವರದೀಲಿ ತಪ್ಪಿತ್ತು, ನಾನು ವರದೀನೇ ನಂಬಿದೆ. ಇಪೋಗೆ ಒಂದು ಫೋನ್ ಮಾಡಿ ಕೇಳಬೇಕಾಗಿತ್ತು. ಕೇಳ್ಲಿಲ್ಲ.”

ಸರೋಜ, “ಇದನ್ನು ಬರೆದು ಕೊಡ್ತೀರಾ? ಕೋರ್ಟಿಗೆ ಅಲ್ಲ. ನನ್ನ ಮಗ ಮಂಗಳೂರಲ್ಲಿದ್ದಾನೆ, ಬರಲಿಕ್ಕೆ ಆಗಲಿಲ್ಲ. ಅಪ್ಪನಿಗೆ ನಾನು ಏನೂ ಮಾಡಲಿಲ್ಲ ಅಂತ ಅವನು ತಿಳಿದಿದ್ದಾನೆ,” ಎಂದರು.

ಕಂಪನಿಯವರು ಅಂಥ ಪತ್ರ ಕೊಡಲು ಒಪ್ಪಲಿಲ್ಲ. ನೀವೂ ಬರೆಯಬಾರದು ಎಂದು ದೇವಕಿಗೆ ಮೇಲ್ ಬಂತು. ಅವಳು ತನ್ವಿಯ ಶಾಲೆಯ ನೋಟ್‌ಬುಕ್ಕಿನಿಂದ ಎರಡು ಹಾಳೆ ತೆಗೆದು, ಕನ್ನಡದಲ್ಲಿ, ತಾರೀಕು ಸಮಯ ಸಮೇತ, ತನ್ನ ಕೈಯಲ್ಲೇ ಬರೆದಳು. ‘ನಿಮ್ಮ ತಾಯಿ ಕೇಳಿದ್ದರು. ಮಿಶನ್ ಇತ್ತು. ಇಲ್ಲ ಎಂದದ್ದು ನಾನು.’ ಕೆಳಗೆ ಪೂರ್ತಿ ಹೆಸರು, ವಿಳಾಸ. ಸರೋಜರ ವಿಳಾಸಕ್ಕೆ ಅಂಚೆಗೆ ಹಾಕಿ ಬಂದ ದಿನ ಅವಳಿಗೆ ಹಗುರವೇನೂ ಆಗಲಿಲ್ಲ.

ಅಕ್ಟೋಬರಿನಲ್ಲಿ ಅವಳ ಪಾಸಿನ ಪತ್ರಕ್ಕೆ ಸಹಿ ಬೀಳಲಿಲ್ಲ. ಯಾಕೆಂದು ಕಂಪನಿ ಕಾರಣ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಅಷ್ಟರಲ್ಲಿ ಗಡಿಗಳು ತೆರೆದಿದ್ದವು. ಮಧ್ವರಾಜ ಬಂದು ತಾಯಿ ಮಗಳನ್ನು ಮೆಲಾಕಾಕ್ಕೆ ಕರೆದೊಯ್ದ. ಅವನ ಪಾಸಿನ ಆಸರೆಯಲ್ಲಿ, ಕೆಲಸವಿಲ್ಲದೆ, ಅವಳು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ಕೂತಳು. ಸರೋಜರಿಂದ ಪತ್ರಕ್ಕೆ ಉತ್ತರ ಬರಲಿಲ್ಲ. ಮಾರನೇ ವರ್ಷ ಏಪ್ರಿಲ್‌ನಲ್ಲಿ ಮಂಗಳೂರಿನ ನಂಬರಿನಿಂದ ಒಂದು ಫೋನ್ ಬಂತು. ಎಳೆಯ ಗಂಡುದನಿ.

“ನಾನು ಕಿರಣ. ಜಯಕರ ಅವರ ಮಗ. ನಿಮ್ಮ ಕಾಗದ ಓದಿದೆ. ಅಮ್ಮ ಈಗ ನನ್ನೊಟ್ಟಿಗೇ ಇದ್ದಾರೆ.” ಅವನೇ ಮುಂದುವರಿಸಿದ, “ನಿಮ್ಮ ಮೇಲೆ ಸಿಟ್ಟು ಉಂಟು. ಇಲ್ಲ ಅಂತ ಹೇಳುವುದಿಲ್ಲ.”

“ಇರಲಿ ಕಿರಣ,” ಎಂದಳು ದೇವಕಿ. “ಅಮ್ಮನ ಮೇಲೆ ಇಲ್ಲವಲ್ಲ?”

“ಇಲ್ಲ,” ಎಂದ ಅವನು.