ನಂಜಪ್ಪನವರ ರೋಡ್ ಪಿಕ್ಚರ್

ಹೂಡಿಯಿಂದ ಬ್ರೂಕ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ಒಂದು ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ನನ್ನ ಕಾರನ್ನು ಹಸುವೊಂದು ನಿಧಾನವಾಗಿ ದಾಟಿ ಮುಂದೆ ಹೋಯಿತು; ಅದು ಬೇಲಿ ಪಕ್ಕದ ಹುಲ್ಲು ಮೇಯ್ದು ಮುಗಿಸುವ ಹೊತ್ತಿಗೆ ನಾನು ಮತ್ತೆ ಅದರ ಸಮಕ್ಕೆ ಬಂದಿದ್ದೆ. ಇಂಥ ನಿಶ್ಚಲ ಬದುಕಿನವನಾದ ನನಗೆ ರೋಡ್ ಮೂವಿ, ಅಂದರೆ ದಾರಿಯ ಪಯಣವೇ ಕಥೆಯಾಗುವ ಸಿನಿಮಾ, ಎಂದರೆ ಪ್ರಾಣ. ಪಥವಿಲ್ಲದವನಿಗೆ ಅದೇ ಪಥ್ಯ ಎಂದುಕೊಳ್ಳಿ.

ಹಾಗಾಗಿ ಬ್ರೂಕ್‌ಫೀಲ್ಡಿನ ಗೆಳೆಯರ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಮಧ್ಯಾಹ್ನ ಯುರೋಪಿನ ರೋಡ್ ಮೂವಿಯೊಂದನ್ನು ತೋರಿಸುತ್ತಾರೆಂದು ತಿಳಿದಾಗ, ಉದಾರಿಯಾಗುವ ಹುಮ್ಮಸ್ಸಿನಲ್ಲಿ ಮನೆ ಓನರ್ ನಂಜಪ್ಪನವರನ್ನೂ ಕರೆದೆ. "ರೋಡ್ ಪಿಕ್ಚರ್ ತೋರಿಸ್ತಾರಂತೆ, ಬರ್ತೀರಾ?" ಎಂದಷ್ಟೇ ಹೇಳಿದ್ದು. ಹೂಡಿಯ ಅವರ ಮನೆಯ ಮಹಡಿಯಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದೇನೆ. ಅಷ್ಟೂ ವರ್ಷ ಸಿನಿಮಾ ಎಂದರೆ ಮೂಗು ಮುರಿದವರು, ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲೊಂದನ್ನು ಅವುಚಿಕೊಂಡು ನನಗಿಂತ ಮುಂಚೆ ಕಾರಿನ ಬಳಿ ನಿಂತಿದ್ದರು. ಸಿನಿಮಾಕ್ಕೆ ಫೈಲು ಯಾಕೆಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ.

ಚಿತ್ರದಲ್ಲಿ ನಡುವಯಸ್ಸಿನ ಅಣ್ಣತಂಗಿ ಅಮೆರಿಕದ ಹಳೆಯ ಉದ್ದ ಕಾರೊಂದನ್ನು ಕೊಂಡು ಹೊರಡುತ್ತಾರೆ. ಅಮೆರಿಕದ ಸಿನಿಮಾಗಳಿಂದ ಕಡ ತಂದ ಸಾಮಗ್ರಿಯೆಲ್ಲ ಅಲ್ಲಿತ್ತು: ಅಗಲ ಅಂಚಿನ ಟೋಪಿ, ಹಿನ್ನೆಲೆಗೆ ಒಂಟಿ ಗಿಟಾರು, ಕ್ಷಿತಿಜದವರೆಗೆ ಚಾಚಿದ ರಸ್ತೆ. ತೊಂದರೆಯೆಂದರೆ ದೇಶ ಚಿಕ್ಕದು. ಮೂರು ಗಂಟೆ ಓಡಿಸಿದರೆ ಸಮುದ್ರ ಬಂದುಬಿಡುತ್ತದೆ. ಪಾಪ, ಕಾರು ತಿರುಗಿಸಿ ಮತ್ತೆ ಹೊರಡುತ್ತಾರೆ. ಎರವಲು ತಂದ ಕನಸಿಗೆ ತಮ್ಮ ನೆಲ ಸಾಲದ ಆ ಇಬ್ಬರ ಬಗ್ಗೆ ನನಗೆ ಮರುಕವೂ ಒಳಗೊಳಗೇ ನಗುವೂ ಬಂತು.

ಅರ್ಧ ಚಿತ್ರವಾದಾಗ ದೀಪ ಹಾಕಿ ಕಾಫಿ ಕೊಟ್ಟರು. ನಂಜಪ್ಪನವರು ಲೋಟ ಮುಟ್ಟದೆ ನನ್ನ ಕಿವಿಯ ಬಳಿ ಬಗ್ಗಿದರು.

"ನಮ್ ರೋಡ್ ಯಾವಾಗ ತೋರಿಸ್ತಾರೆ ಸಾರ್? ಆಫೀಸರ್ ಇನ್ನೂ ಬಂದಿಲ್ವಾ?"

ಆಗ ನನಗೆ ಅರ್ಥವಾಯಿತು. ನಮ್ಮ ಬೀದಿಯಲ್ಲಿ ಈಗ ರೋಡ್ ಎಂದರೆ ಒಂದೇ ಅರ್ಥ, ಅಗಲೀಕರಣ. ಅವರ ಮನೆಯ ಗೋಡೆಗೆ ಕೆಂಪು ಬಣ್ಣದ ಗುರುತು ಬಿದ್ದು ಎರಡು ತಿಂಗಳಾಗಿದೆ. ಪಾಲಿಕೆ ಕಚೇರಿಯವರು ಬಂದು ರಸ್ತೆಯ ನಕ್ಷೆಯನ್ನು ಪರದೆಯ ಮೇಲೆ ತೋರಿಸಿ, ಅಹವಾಲು ಕೇಳುತ್ತಾರೆಂದು ನಂಬಿ, ಆ ಮನುಷ್ಯ ಮನೆ ಪತ್ರವನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಪರದೇಶದ ರಸ್ತೆಯನ್ನು ನೋಡಿದ್ದರು. ನನ್ನ ಮಾತಿನ ಜಿಪುಣತನಕ್ಕೆ ನನಗೇ ನಾಚಿಕೆಯಾಯಿತು. ಇದು ಬರೀ ಸಿನಿಮಾ ಎಂದು ತಡವರಿಸಿ ಹೇಳಿದೆ.

ಅವರು ಬೈಯಲಿಲ್ಲ. "ಓಗ್ಲಿ ಬಿಡಿ. ಟೇಪ್ ಇಡ್ದು ನೋಡಿದ್ವಿ ಸಾರ್. ಒಲೆ ರೋಡ್‌ಗೆ ಓಯ್ತದೆ, ಪಾತ್ರೆ ತೊಳ್ಯೋ ಜಾಗ ನಮ್ಗುಳ್ಕೊಂತದೆ. ನಮ್ಮನೇಲಿ ಅವ್ಳು ಕೇಳ್ತಾಳೆ, ಅನ್ನ ಎಲ್ ಮಾಡ್ಲಿ ಅಂತ."

ಈ ಸಿನಿಮಾಗಳಲ್ಲಿ ರಸ್ತೆ ಯಾವಾಗಲೂ ಮೊದಲೇ ಇರುತ್ತದೆ. ಅದು ಯಾರ ಅಡುಗೆಮನೆಯ ಮೇಲೆ ಹಾದು ಬಂತೆಂದು ಕೇಳುವ ಪಾತ್ರವನ್ನು ನಾನು ಯಾವುದರಲ್ಲೂ ಕಂಡಿಲ್ಲ, ಕಾಣಬೇಕೆಂದು ನನಗೆ ಅನಿಸಿಯೂ ಇರಲಿಲ್ಲ. ಅಗಲಕ್ಕೂ ಅಗಲಿಕೆಗೂ ನಮ್ಮ ಭಾಷೆ ಒಂದೇ ಮೂರಕ್ಷರ ಕೊಟ್ಟಿರುವುದು ಶಬ್ದಚಮತ್ಕಾರವೆಂದು ಇಷ್ಟು ದಿನ ಖುಷಿಪಟ್ಟವನು ನಾನು.

ನಂಜಪ್ಪನವರು ಫೈಲಿನಿಂದ ನಾಲ್ಕು ಹಾಳೆ ತೆಗೆದರು. ರಸ್ತೆ ಅಗಲ ಮಾಡಿ ಎಂದು ಇಂಟರ್ನೆಟ್ಟಿನಲ್ಲಿ ಮನವಿ ಸಲ್ಲಿಸಿದವರ ಪಟ್ಟಿ, ಕಚೇರಿಯಲ್ಲಿ ಕೊಟ್ಟದ್ದಂತೆ. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಅವರಿಗೆ ಇಂಗ್ಲಿಷ್ ಬಾರದು.

"ಇದ್ರಾಗೆ ನಮ್ಮೂರೋರು ಯಾರಾದ್ರೂ ಅವ್ರಾ, ಒಸಿ ಓದಿ ಸಾರ್."

ಎರಡನೆಯ ಹಾಳೆಯಲ್ಲಿ ನನ್ನ ಹೆಸರಿತ್ತು. ಯಾವುದೋ ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುತ್ತ, ಬೆಳಗಿನ ಟ್ರಾಫಿಕ್ಕಿನ ಸಿಟ್ಟು ಇನ್ನೂ ಆರದೆ, ಫೋನಿನಲ್ಲಿ ಬಂದ ಮನವಿಗೆ ಎಡಗೈ ಹೆಬ್ಬೆರಳಿನಿಂದ ಒತ್ತಿದ್ದೆ. ಅದರಲ್ಲಿ ಯಾವ ಮನೆಯ ಚಿತ್ರವೂ ಇರಲಿಲ್ಲ.

ನಾಲ್ಕೂ ಹಾಳೆಯನ್ನು ನಿಧಾನವಾಗಿ ಓದಿದಂತೆ ಮಾಡಿ, "ನಮ್ಮೂರೋರು ಯಾರೂ ಇಲ್ಲ ನಂಜಪ್ಪನವರೇ" ಎಂದೆ.

ಅವರ ಮುಖ ಎಷ್ಟೋ ದಿನಗಳ ಮೇಲೆ ಸಡಿಲವಾಯಿತು. "ನಂಗೊತ್ತಿತ್ತು ಸಾರ್. ನಮ್ಮೋರು ಇಂಗೆ ಮಾಡಾಕಿಲ್ಲ." ಆಮೇಲೆ ಫೈಲಿನ ತಳದಿಂದ ಊರಿನವರ ತಕರಾರು ಅರ್ಜಿಯನ್ನು ಎಳೆದು, ತಮ್ಮ ಜೇಬಿನ ಪೆನ್ನಿನ ಕ್ಯಾಪು ಬಿಚ್ಚಿ ನನ್ನ ಕೈಗಿಟ್ಟರು. "ನಿಮ್ದೂ ಒಂದ್ ಸಹಿ ಆಕಿ. ಅನ್ನೊಂದ್ ವರ್ಸ ಆಯ್ತು, ನೀವೂ ನಮ್ಮೂರೋರೇ ಅಲ್ವಾ?"

ಹಾಕದಿದ್ದರೆ ಯಾಕೆಂದು ಹೇಳಬೇಕು; ಹೇಳುವ ಧೈರ್ಯ ನನ್ನಲ್ಲಿರಲಿಲ್ಲ. ಸಹಿ ಹಾಕಿದೆ. ಗುರುವಾರ ಕಚೇರಿಯಲ್ಲಿ ವಿಚಾರಣೆ. ಮನವಿಯೂ ತಕರಾರೂ ಒಂದೇ ಮೇಜಿನ ಮೇಲೆ ಇರುತ್ತವೆ, ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗುತ್ತಾರಂತೆ. ನಂಜಪ್ಪನವರು ನನ್ನ ಪಕ್ಕದಲ್ಲೇ ಕೂರುತ್ತೇನೆ ಎಂದಿದ್ದಾರೆ.