ಪರ್ಸಿ ಹಾಸಿದ ವ್ಯಾನು

ನಮ್ಮಪ್ಪ ನೆಲಕ್ಕೆ ಪರ್ಸಿ ಕಲ್ಲು ಹಾಸುವ ಗೌಂಡಿ. ಅವನು ಶಹಾಬಾದಿ ಕಲ್ಲು ಹಾಸದ ಪಡಸಾಲೆ ನೋಡಬೇಕೆಂದರೆ ನೀವು ಆಳಂದ ಬಿಟ್ಟು ಬೇರೆ ಊರಿಗೇ ಹೋಗಬೇಕಿತ್ತು. ಅಂಥವನು ಎಂಬತ್ತರ ದಶಕದಲ್ಲಿ ಒಂದು ದಿನ ಹರಾಜಿನಲ್ಲಿ ಹಳೆಯ ಆಸ್ಪತ್ರೆ ವ್ಯಾನು ಹಿಡಿದು ತಂದು ಮನೆ ಮುಂದೆ ನಿಲ್ಲಿಸಿದ. ಒಳಗಿನ ಮಂಚ ಕಿತ್ತು, ಎರಡೂ ಬದಿಗೆ ಕೂರಲು ಹಲಗೆ ಬಡಿಸಿ, ಹುಣ್ಣಿಮೆಗೆ ಗಾಣಗಾಪುರಕ್ಕೆ, ಅಮಾವಾಸ್ಯೆಗೆ ಘತ್ತರಗಿಗೆ ಜನರನ್ನು ಒಯ್ಯತೊಡಗಿದ. ಇಷ್ಟಾದರೆ ನಾಲ್ಕು ಜನ ಮಾಡುವ ಕೆಲಸವೇ. ಆದರೆ ಭೀಮೆಯಲ್ಲಿ ಮಿಂದ ಜನ ಒದ್ದೆ ಬಟ್ಟೆಯಲ್ಲೇ ಹತ್ತಿ ಹತ್ತಿ, ವರ್ಷದೊಳಗೆ ಕಾಲಡಿಯ ಹಲಗೆಯೆಲ್ಲ ಕೊಳೆತುಹೋಯಿತು. ಆಗ ನಮ್ಮಪ್ಪ ಏನು ಮಾಡಿದ ಗೊತ್ತೇ? ವ್ಯಾನಿಗೆ ಪರ್ಸಿ ಹಾಸಿದ! ಸಿಮೆಂಟು ಕಲಸಿ, ದಾರ ಹಿಡಿದು, ಮಟ್ಟ ನೋಡಿ, ಸಂದು ತುಂಬಿ, ಮೂರು ದಿನ ನೀರುಣಿಸಿದ.

“ಒಂದು ಕೊಡ ನೀರ ಹೊಡದ್ರ ಸಾಕು, ಕನ್ನಡಿ ಆಗ್ತದ,” ಎಂದು ಮೀಸೆ ತಿರುವಿದ. ಜನಕ್ಕೂ ಅದೇ ಹುಚ್ಚು. ಬೇಸಿಗೆಯಲ್ಲಿ ಬದಿಯ ಹಲಗೆ ಬಿಟ್ಟು, ತಣ್ಣಗಿನ ಕಲ್ಲಿನ ಮೇಲೆ ಕೂರಲು ಹೆಂಗಸರು ಜಗಳವಾಡುತ್ತಿದ್ದರು. ಆ ಭಾರಕ್ಕೆ ಹಿಂದಿನ ಎರಡೂ ಶಾಕಪ್ಸರ್, ಅಂದರೆ ಗಾಲಿಗೆ ಬೀಳುವ ಪೆಟ್ಟನ್ನು ನುಂಗಿಕೊಳ್ಳುವ ಎಣ್ಣೆಯ ಕೊಳವೆಗಳು, ಆರು ತಿಂಗಳಲ್ಲಿ ಸತ್ತವು. ಅಲ್ಲಿಂದ ಮುಂದೆ ವ್ಯಾನು ಓಡಲಿಲ್ಲ, ಕುಣಿಯಿತು. ಹೋಗುವಾಗ ದೇವರ ಹೆಸರು ಹೇಳುತ್ತಿದ್ದವರು ಬರುವಾಗ ನಮ್ಮಪ್ಪನ ಹೆಸರು ಹಿಡಿದು ಬೈಯುತ್ತಿದ್ದರು.

ಅಪ್ಪ ಅದಕ್ಕೆಲ್ಲ ಕಿವಿಗೊಡುವವನಲ್ಲ. ಅವನ ಕಿವಿ ಹಿಂಡಿದ್ದು ನನ್ನಕ್ಕನ ಅತ್ತೆ.

ಅಕ್ಕನನ್ನು ಜೇವರ್ಗಿಗೆ ಕೊಟ್ಟಿದ್ದೆವು. ಅವ್ವ ತೀರಿಕೊಂಡ ಮೇಲೆ ನಡೆದ ಮದುವೆ ಅದು. ಈಗ ಅವಳು ಚೊಚ್ಚಲ ಬಸುರಿ, ಏಳನೇ ತಿಂಗಳು ನಡೆದಿತ್ತು. ತವರಿಗೆ ಕರೆತರಲು ಅಪ್ಪನೂ ನಾನೂ ಹೋದೆವು. ಅತ್ತೆ ಚಹಾ ಕೊಟ್ಟರು, ಚೂಡಾ ಕೊಟ್ಟರು, ಸೊಸೆಯನ್ನು ಮಾತ್ರ ಕೊಡಲಿಲ್ಲ.

“ಬೀಗರ, ನಿಮ್ಮ ಗಾಡ್ಯಾಗ ಘತ್ತರಗಿಗಿ ಹೋಗಿ ಬಂದ ನಮ್ಮ ನೆಗೆಣ್ಣಿ ಎಂಟು ದಿನ ಸೊಂಟ ಹಿಡಕೊಂಡು ಮಲಗಿದ್ಳು. ಆ ಕಲ್ಲಿನ ಗಾಡ್ಯಾಗ ನನ್ನ ಸೊಸಿನ್ನ ಕಳಸಂಗಿಲ್ಲ. ಬಸ್ಸಂತೂ ಬ್ಯಾಡೇ ಬ್ಯಾಡ. ಗಾಡಿ ರಿಪೇರಿ ಮಾಡಿಸ್ಕೊಂಡು ಬರ್ರಿ. ನಾ ತುಂಬಿದ ತಂಬಿಗಿ ಹಿಡಕೊಂಡು ಹೊಳಿತನ ಕೂತು ನೋಡ್ತೇನಿ. ನೀರು ಚೆಲ್ಲಿತಂದ್ರ ಸೊಸಿ ಇಲ್ಲೇ ಹಡಿತಾಳ.”

ನನಗೆ ಮೈಯೆಲ್ಲ ಉರಿಯಿತು. ಏನು ಪರೀಕ್ಷೆ ಇದು! ತಿರುಗಿ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡಳು. “ಹೆಂಗರ ಮಾಡಿ ಕರಕೊಂಡು ಹೋಗ ತಂಗೀ. ಅವ್ವ ನಮ್ಮನ್ನ ಹಡೆದ ಮನ್ಯಾಗ ಹಡಿಬೇಕು ನಾ,” ಎಂದಳು. ಅವಳ ಕೈ ತಣ್ಣಗಿತ್ತು. ಏಳು ತುಂಬಲು ಇನ್ನು ಹತ್ತು ದಿನ. ಎಂಟು ಹಿಡಿದರೆ ಬಸುರಿಯನ್ನು ಹೊಳೆ ದಾಟಿಸುವುದಿಲ್ಲ, ಜೇವರ್ಗಿಗೂ ನಮಗೂ ನಡುವೆ ಭೀಮೆ. ಒಂಬತ್ತರಲ್ಲಿ ಅಷ್ಟು ದೂರ ಕರೆತರುವ ಗುಂಡಿಗೆ ಯಾರಿಗಿದೆ?

ಗುಲ್ಬರ್ಗದಿಂದ ಹೊಸ ಶಾಕಪ್ಸರ್ ಬಂದವು. ನಮ್ಮೂರ ಮಿಸ್ತ್ರಿ ಚಾಚಾ ಗಾಡಿಯ ಕೆಳಗೆ ತೂರಿದರು. ಎಂಥ ಗಾಡಿಯನ್ನಾದರೂ ಬೈದು ಬೈದೇ ರಿಪೇರಿ ಮಾಡುವ ಮನುಷ್ಯ. ಕೆಳಗಿನ ನಟ್ಟುಗಳು ಬಿಚ್ಚಿದವು. ಆಮೇಲೆ ಸದ್ದಿಲ್ಲ. ಬಹಳ ಹೊತ್ತು ಎರಡು ಕಾಲು ಮಾತ್ರ ಕಾಣುತ್ತಿದ್ದವು. ನೋಡನೋಡುತ್ತಿದ್ದಂತೆ ಆ ಕಾಲುಗಳು ಗಡಗಡ ನಡುಗತೊಡಗಿದವು. ಏನಾಯಿತೋ ಎಂದು ಬಗ್ಗಿ ನೋಡಿದರೆ ಚಾಚಾ ನಗುತ್ತಿದ್ದರು.

“ಯಾ ಅಲ್ಲಾ! ಗೌಂಡ್ಯಾರ, ಮ್ಯಾಲಿನ ನಟ್ಟೇ ಇಲ್ಲ!”

“ಇಲ್ಲಂದ್ರ ಹೆಂಗ್ರಿ?”

“ಅದಾವ, ಆದ್ರ ಸಿಮೆಂಟಿನಾಗ ಅದಾವ. ನೀವು ಮ್ಯಾಲ ಹಾಕಿದ್ದು ತಗಡಿನ ತೂತಿನಾಗ ಇಳದು ಎರಡೂ ನಟ್ಟಿಗಿ ಗುಮ್ಮಟ ಕಟ್ಟ್ಯಾದ. ಕೆಳಗಿಂದ ನಟ್ಟು ತಿರುವಾಕ ಪಾನಾ ಕೂಡಂಗಿಲ್ಲ. ಪರ್ಸಿ ಒಡದು ಮ್ಯಾಲಿಂದ ಇಳಿಬೇಕು.”

ಒಡೆಯುವ ಮಾತು ಕೇಳಿದ್ದೇ ತಡ, ಅಪ್ಪ ವ್ಯಾನು ಹತ್ತಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. “ನಾ ಹಾಸಿದ ಪರ್ಸಿ ಇಲ್ಲೀತನ ಯಾರೂ ಎಬ್ಬಿಸಿಲ್ಲ,” ಎಂದ. ಚಾಚಾ ಹೇಳಿದರು, ಓಣಿಯವರು ಹೇಳಿದರು. ಊಹೂಂ. ಊಟಕ್ಕೆ ಕರೆದರೆ ಅಲ್ಲೇ ತಂದುಕೊಡು ಎಂದ! ನನಗೆ ಸಿಟ್ಟು ನೆತ್ತಿಗೇರಿತು. ಅವನದೇ ಉಳಿ ಸುತ್ತಿಗೆ ತಂದು ಅವನೆದುರು ಕುಕ್ಕಿದೆ.

“ಕಲ್ಲು ಬೇಕೋ ಮಗಳು ಬೇಕೋ, ಒಂದು ಹೇಳಿಬಿಡಪ್ಪ. ನೀ ಒಡಿಲಿಲ್ಲಂದ್ರ ನಾನ ಒಡಿತೇನಿ.” ಹೇಳಿದ್ದಷ್ಟೇ ಅಲ್ಲ, ಉಳಿ ಊರಿ ಸುತ್ತಿಗೆ ಎತ್ತಿಯೂ ಬಿಟ್ಟೆ.

“ಏ ಏ ಏ! ಹಂಗ ಹಿಡದ್ರ ಎಲ್ಲಾ ಬಿರುಕು ಬಿಡ್ತದ ಬೇ! ಕೊಡಿಲ್ಲಿ!” ಎಂದು ಅಪ್ಪ ಸುತ್ತಿಗೆ ಕಸಿದುಕೊಂಡ. ಮಗಳು ಹೇಳಿದ್ದಕ್ಕಲ್ಲ, ಮಗಳ ಕೆಟ್ಟ ಕೈಗೆಲಸ ನೋಡಲಾರದೆ ಎದ್ದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಆಮೇಲೆ ಅವನ ಕೆಲಸ ನೋಡಬೇಕಿತ್ತು. ಬೆರಳಿನಿಂದ ಕಲ್ಲು ತಟ್ಟಿ, ಸದ್ದು ಕೇಳಿ, ನಟ್ಟು ಎಲ್ಲಿದೆ ಎಂದು ಗುರುತು ಹಾಕಿದ. ಹಪ್ಪಳದಷ್ಟು ಅಗಲದ ಎರಡು ಚೌಕ ಕೊರೆದು, ಒಂದು ಚೂರೂ ಮುಕ್ಕಾಗದಂತೆ ಎಬ್ಬಿಸಿ, ಕಾಳು ತುಂಬುವ ಹಗೇವಿನ ಬಾಯಿಗೆ ಮುಚ್ಚಳ ಇಡುತ್ತಾರಲ್ಲ ಹಾಗೆ ತೆಗೆದು ಹಾಕುವಂತೆ ಮಾಡಿದ. ಗುಮ್ಮಟಗಳನ್ನೂ ತಾನೇ ಕೆತ್ತಿದ. ಆದರೆ ಅಲ್ಲಿ ಚಾಚಾನ ಕೈ ಇಳಿಯಲಿಲ್ಲ. ಅಪ್ಪನ ಕೈಯಂತೂ ಸಲಿಕೆ. ನಾನು ಬಳೆ ತೆಗೆದಿಟ್ಟು, ಕಲ್ಲಿಗೆ ಕೆನ್ನೆ ಒತ್ತಿ ಮಲಗಿ, ಮೊಣಕೈವರೆಗೆ ಕೈ ಇಳಿಬಿಟ್ಟು ಪಾನಾ ಕೂಡಿಸಿದೆ. ಚಾಚಾ ಕೆಳಗಿನಿಂದ ಕೊಳವೆ ತಿರುಗದಂತೆ ಹಿಡಿದರು.

“ಬಲಕ್ಕ ತಿರುವು ಬೇಟಿ! ಬಲಕ್ಕ!”

“ತಿರುವಾಕತ್ತೇನಿ ಚಾಚಾ!”

“ಅರೆ, ನಿನ್ನ ಬಲ ಅಲ್ಲ, ನನ್ನ ಬಲ! ಬಿಗಿ ಮಾಡಾಕತ್ತಿ ನೀ!”

ನಗು ಒತ್ತರಿಸಿ ಬಂದು ಕೈಯಲ್ಲಿ ಬಲವೇ ಉಳಿಯಲಿಲ್ಲ. ನಾನು ನಕ್ಕರೆ ಕೆಳಗಿನಿಂದ ಚಾಚಾ ನಗುವರು, ಇಬ್ಬರನ್ನೂ ನೋಡಿ ಅಪ್ಪ ಬೈಯುವನು, ಬೈಯುತ್ತ ಬೈಯುತ್ತ ಅವನೂ ನಕ್ಕುಬಿಟ್ಟ. ಅವ್ವ ಹೋದ ಮೇಲೆ ಅಪ್ಪ ಹಾಗೆ ನಕ್ಕಿದ್ದು ನಾನು ಕಂಡಿರಲಿಲ್ಲ. ಕಡೆಗೆ ನಟ್ಟು ಕಟ್ ಎಂದಿತು. ನಾನು ಹಿಂದಕ್ಕೆ ಉರುಳಿ ಹಲಗೆಗೆ ತಲೆ ಬಡಿದುಕೊಂಡೆ, ನೋವೂ ಆಗಲಿಲ್ಲ. ಸಂಜೆಯೊಳಗೆ ಎರಡೂ ಹೊಸವು ಕೂತವು. ಚಾಚಾ ಹಿಂದಿನಿಂದ ಗಾಡಿಯನ್ನು ಒತ್ತಿ ಬಿಟ್ಟರು. ಅದು ಒಮ್ಮೆ ಕೂತು, ಎದ್ದು, ಸುಮ್ಮನೆ ನಿಂತಿತು.

“ಪರ್ಸಿ ಇರ್ಲಿ ಬಿಡ್ರಿ. ಖಾಲಿ ಗಾಡಿನೇ ಜಾಸ್ತಿ ಕುಣಿತದ. ಈ ಶಾಕಪ್ಸರ್ ಇರೋತನ ನಿಮ್ಮ ಕಲ್ಲೇ ಗಾದಿ,” ಎಂದರು ಚಾಚಾ. ಈ ಮಾತನ್ನು ಅಪ್ಪ ಓಣಿಗೆಲ್ಲ ಹೇಳಿಕೊಂಡು ಬಂದ.

ಮರುದಿನವೇ ಜೇವರ್ಗಿ. ಅತ್ತೆ ಕಂಠಮಟ್ಟ ತುಂಬಿದ ತಂಬಿಗೆ ಹಿಡಿದು ಹತ್ತಿದರು. ಅಪ್ಪನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ನಾನು ಎದುರಿಗೆ ಕೂತು ಆ ನೀರನ್ನೇ ನೋಡಿದೆ. ಅದು ಅಂಚಿಗೆ ಬಂದು ಇಣುಕುವುದು, ಹಿಂದೆ ಸರಿಯುವುದು. ಪ್ರತಿ ಸಲ ನನ್ನ ಜೀವ ಬಾಯಿಗೆ ಬರುವುದು. ಭೀಮೆಯ ಸೇತುವೆ ಮುಟ್ಟಿದೆವು, ತಿರುಗಿದೆವು. ಇನ್ನೇನು ಊರು ಬಂತು ಎನ್ನುವಾಗ ಒಂದು ಹಾಳು ಕುಣಿ! ನೀರು ತುಳುಕಿ ಅತ್ತೆಯ ಕೈಮೇಲೆ ಬಿತ್ತು.

ಅತ್ತೆ ನನ್ನ ಮುಖ ನೋಡಿದರು. ಸೆರಗಿನಿಂದ ಕೈ ಒರೆಸಿಕೊಂಡರು.

“ಏನು ಬಿಸಲ ಬೇ ಇದು, ಕೈ ಬೆವರಾಕತ್ತಾದ,” ಎಂದರು.

ಅವರ ಮನೆ ಮುಂದೆ ಗಾಡಿ ನಿಂತಿತು. ನಾನು ಕುಣಿಯುವುದೊಂದು ಬಾಕಿ. ಆದರೆ ಅತ್ತೆ ಇಳಿಯಲಿಲ್ಲ. “ಬೀಗರ, ಖರೇ ಹೇಳ್ತೇನಿ. ಗಾಡಿದೊಂದೇ ಅಲ್ಲ ನನ್ನ ಚಿಂತಿ. ತಾಯಿಲ್ಲದ ಮನಿ ಅದು. ನೋವು ಸುರು ಆದ್ರ ಹುಡುಗಿ ಯಾರ ಕೈ ಹಿಡಿಬೇಕು?” ಎಂದರು.

ಇಷ್ಟು ದಿನ ಅವರನ್ನು ಮನಸ್ಸಿನಲ್ಲೇ ಬೈದಿದ್ದ ನಾನು ಅವರ ಕೈಯಿಂದ ತಂಬಿಗೆ ಇಸಿದುಕೊಂಡೆ. ಅಪ್ಪ ಸ್ಟೇರಿಂಗ್ ಬಿಡದೆ ಹೇಳಿದ: “ನೀರ ಕಾಸಿ ಕೊಡ್ತೇನ್ರಿ. ಅದಕ್ಕಿಂತ ಹೆಚ್ಚಿಂದು ನನಗ ಗೊತ್ತಿಲ್ಲ.”

ಅತ್ತೆ ಕಿಟಕಿಯಿಂದಲೇ ಸೊಸೆಯನ್ನು ಕೂಗಿದರು: “ಏ ಇಕಿನಾ, ನಿನ್ನ ಟ್ರಂಕಿನಾಗ ನನ್ನವೂ ನಾಕು ಸೀರಿ ಹಾಕು. ನಾನೂ ಬರ್ತೇನಿ.”

ಆಳಂದ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ವ್ಯಾನಿನಿಂದ ಇಳಿದ ಅಕ್ಕ ಬಾಗಿಲವರೆಗೆ ಬಂದವಳು ಅಲ್ಲೇ ನಿಂತಳು. ಹಡೆಯಲು ಬಂದ ಮಗಳಿಗೆ ತಾಯಿ ರೊಟ್ಟಿ ನೀರು ನಿವಾಳಿಸಿ ಚೆಲ್ಲಿದ ಮೇಲೆಯೇ ಒಳಗೆ ಬರುವುದು ನಮ್ಮ ಕಡೆಯ ರೂಢಿ. ಅಪ್ಪ ನೆಲ ನೋಡಿದ. ಅತ್ತೆ ನಮ್ಮಿಬ್ಬರನ್ನೂ ಸರಿಸಿ ಒಳಗೆ ಹೋದರು. ಎಂದೂ ಕಾಲಿಡದ ನಮ್ಮ ಅಡುಗೆಮನೆಯಲ್ಲಿ ಬುಟ್ಟಿ ಹುಡುಕಿ ರೊಟ್ಟಿ ತಂದರು, ನೀರು ತಂದರು. ಅಕ್ಕನ ಸುತ್ತ ಮೂರು ಸಲ ಇಳಿಸಿ ಬೀದಿಗೆ ಚೆಲ್ಲಿದರು. ಆಮೇಲೆ ಹೊಸ್ತಿಲ ಒಳಗೆ ನಿಂತು ಎರಡೂ ಕೈ ಚಾಚಿದರು.

“ಬಾ ನನ್ನವ್ವ, ಒಳಗ ಬಾ. ನಿನ್ನ ತವರಮನಿ ಬಂತು.”

ಅಕ್ಕ ಆ ಕೈಗಳನ್ನು ಹಿಡಿದುಕೊಂಡು ಹೊಸ್ತಿಲು ದಾಟಿದಳು.